ಸಮನ್ಸ್ ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ

ಶಿಡ್ಲಘಟ್ಟದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರು ರೀಲರ್. ಗೂಡು ಕೊಂಡು ನೂಲು ತೆಗೆಯುವುದು ಮನೆಯ ಕಸುಬು. 2018ರ ಜುಲೈಯಲ್ಲಿ ಯಂತ್ರಕ್ಕೆಂದು ಬ್ಯಾಂಕಿನಿಂದ 2 ಲಕ್ಷ ಸಾಲ ಪಡೆದರು. ಐದು ವರ್ಷದ ಗಡುವು, ತಿಂಗಳಿಗೆ 4,650 ರೂಪಾಯಿ ಕಂತು. 2020ರ ಮಾರ್ಚ್‌ವರೆಗೆ ಒಂದು ಕಂತೂ ತಪ್ಪಿಸಲಿಲ್ಲ. ಲಾಕ್‌ಡೌನ್ ಬಂತು, ಕೆಲಸ ನಿಂತಿತು. ಆಮೇಲೆ ಕೈಲಾದಾಗ ಸ್ವಲ್ಪ ಸ್ವಲ್ಪ ಕಟ್ಟಿದ್ದಾರೆ. ಕೊನೆಯದಾಗಿ ಕಟ್ಟಿದ್ದು 2022ರ ಅಕ್ಟೋಬರ್‌ನಲ್ಲಿ, 5,000. ಬ್ಯಾಂಕು 2025ರ ಆಗಸ್ಟ್‌ನಲ್ಲಿ 2,86,400 ರೂಪಾಯಿಗೆ ದಾವೆ ಹಾಕಿದೆ. ಜಾಮೀನಿಗೆ ಸಹಿ ಹಾಕಿದ ಹೆಂಡತಿಗೂ ಸಮನ್ಸ್ ಬಂದಿದೆ. "ಪೊಲೀಸರು ಬರ್ತಾರಾ ಅಂತ ರಾತ್ರಿಯೆಲ್ಲ ಕೇಳ್ತಾಳೆ. ಮೂರು ವರ್ಷ ಆದ ಮೇಲೆ ಸಾಲ ಸತ್ತ ಹಾಗೆ, ಕೋರ್ಟಿಗೆ ಹೋಗ್ಲೇಬೇಡ ಅಂತ ಪಕ್ಕದ ಮನೆಯವರು ಹೇಳ್ತಾರೆ. ಇನ್ನೊಬ್ಬರು 15 ಸಾವಿರ ಕೊಟ್ಟರೆ ಕೇಸ್ ಮುಚ್ಚಿಸ್ತೀನಿ ಅಂತಾರೆ. ಸಾಲ ತಗೊಂಡಿದ್ದು ನಿಜ. ಹಾಗಿರುವಾಗ ನಾನು ಹೋಗಿ ಹೇಳೋದಾದರೂ ಏನು?" ಇದು ಅವರ ಪ್ರಶ್ನೆ.

ನಮಸ್ಕಾರ. ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ, ವಾಯಿದೆ ದಿನ ಖಂಡಿತ ಹೋಗಿ ಎಂದು ಹೇಳಿದ್ದೆ. ಯಾಕೆ ಅಂತ ವಿವರವಾಗಿ ಬರೆಯುವುದು ಬಾಕಿ ಇತ್ತು. ಇಂಥದ್ದೇ ಭಯದಲ್ಲಿ ಇನ್ನೂ ಕೆಲವರು ಬರೆದಿದ್ದಾರೆ, ಅವರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ನೆಂಟರೊಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರು. ನೆಂಟರು ಕಟ್ಟಲಿಲ್ಲ, ದಾವೆ ಆಯಿತು. ಕೋರ್ಟಿನ ಅಮೀನರು ಬಂದಾಗ ಅಪ್ಪ ಹಿತ್ತಲ ಬಾಗಿಲಿಂದ ತೆಂಗಿನ ತೋಟಕ್ಕೆ ಹೋಗಿಬಿಟ್ಟರು. ಎರಡು ಸಲ ಹಾಗೇ ಆಯಿತು. ಮೂರನೇ ಸಲ ಅಮೀನರು ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋದರು. ಅಮ್ಮ ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಅದನ್ನು ತೆಗೆದಳು, ಗೋಂದಿನ ಗುರುತು ಮಾತ್ರ ಹೋಗಲಿಲ್ಲ. ಹಾಗೆ ಅಂಟಿಸಿದರೂ ಸಮನ್ಸ್ ಜಾರಿಯಾದ ಹಾಗೆಯೇ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವರು ಇಲ್ಲದೆಯೇ ಕೇಸ್ ನಡೆದು ಡಿಕ್ರಿ, ಅಂದರೆ ದುಡ್ಡು ಕಟ್ಟಬೇಕು ಎಂಬ ಕೋರ್ಟಿನ ತೀರ್ಮಾನ, ಆಯಿತು. ಅದರ ಜಾರಿಗೆ ನೋಟಿಸ್ ಬಂದಾಗಲೇ ವಿಷಯ ಗೊತ್ತಾಗಿದ್ದು. ಆ ಸಾಲಕ್ಕೆ ಅಪ್ಪ ತಾವೇ ಮೂರು ಸಲ ದುಡ್ಡು ಕಟ್ಟಿದ್ದರು. ಮೂರು ರಸೀದಿಗಳೂ ಟ್ರಂಕಿನಲ್ಲಿ ಅಮ್ಮನ ಸೀರೆಯ ಕೆಳಗಿದ್ದವು. ಅವನ್ನು ಯಾವ ನ್ಯಾಯಾಧೀಶರೂ ನೋಡಲಿಲ್ಲ, ಯಾಕೆಂದರೆ ನಾವು ತೋರಿಸಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ಆ ರಸೀದಿಗಳೇ ನೆನಪಾದವು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಾಲ ತೆಗೆದುಕೊಂಡಿಲ್ಲ ಎಂದು ನೀವು ಹೇಳಬೇಕಾಗಿಲ್ಲ, ಹೇಳಲೂಬೇಡಿ. ಸಾಲ ನಿಜ ಎನ್ನುವುದು ಒಂದು ಮಾತು. 2,86,400 ಎನ್ನುವ ಲೆಕ್ಕ ನಿಜ ಎನ್ನುವುದು ಬೇರೆಯೇ ಮಾತು. 2020ರ ಮಾರ್ಚ್ ಕೊನೆಗೆ ನಿಮ್ಮ ಅಸಲು ಹೆಚ್ಚುಕಡಿಮೆ ಒಂದೂವರೆ ಲಕ್ಷ ಉಳಿದಿತ್ತು. ಅದರ ಮೇಲಿನ 1,36,000 ಚಿಲ್ಲರೆ ಎಲ್ಲಿಂದ ಬಂತು? ಅದನ್ನು ತೋರಿಸಬೇಕಾದ್ದು ಬ್ಯಾಂಕು. ಕೇಳಬೇಕಾದವರು ನೀವು. ನೀವು ಹೋಗದಿದ್ದರೆ ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ಇದು ಶಿಡ್ಲಘಟ್ಟದ ಕೋರ್ಟಿಗೇ ಯಾಕೆ ಬಂತು ಎಂದೂ ಕೇಳಿದ್ದೀರಿ. 20 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಬಾಕಿಯಾದರೆ ಬ್ಯಾಂಕುಗಳು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಸಿವಿಲ್ ಕೋರ್ಟು. ನೀವಿರುವ ಊರಿನ ಕೋರ್ಟಿನಲ್ಲೇ ಹಾಕಿದ್ದಾರೆ, ಓಡಾಟದ ಖರ್ಚು ಉಳಿಯಿತು. ಸಿವಿಲ್ ದಾವೆ ಅಂದರೆ ದುಡ್ಡಿನ ವ್ಯಾಜ್ಯ. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಈ ಮಾತನ್ನು ಇವತ್ತು ರಾತ್ರಿಯೇ ನಿಮ್ಮ ಮನೆಯವರಿಗೆ ಓದಿ ಹೇಳಿ. ದುಡ್ಡಿನ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವ ಹಾಗೇ ಇಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ವಿಷಯದಲ್ಲೂ ಅಷ್ಟೇ. ಕೈಯಲ್ಲಿ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಸಾಲಕ್ಕೆಂದು ಸಹಿ ಮಾಡಿದ ಚೆಕ್ ಕೊಟ್ಟಿದ್ದರೆ ಮಾತ್ರ ಅದನ್ನು ವಕೀಲರಿಗೆ ಮೊದಲೇ ತಿಳಿಸಿ. ಚೆಕ್ ಬೌನ್ಸ್ ಬೇರೆ ಕೇಸು.

ಈಗ ಪಕ್ಕದ ಮನೆಯವರ ಮೂರು ವರ್ಷದ ಲೆಕ್ಕ. ಅವರು ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ, ಅರ್ಧ ಸತ್ಯವನ್ನು ಹಿಡಿದು ಹೇಳಿದ್ದಾರೆ. ಸಾಲದ ದಾವೆಗೆ ಮೂರು ವರ್ಷದ ಕಾಲಮಿತಿ ಇರುವುದು ಹೌದು. ಆದರೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕೊರೊನಾ ಕಾರಣಕ್ಕೆ ಸುಪ್ರೀಂ ಕೋರ್ಟು ಲೆಕ್ಕದಿಂದಲೇ ಬಿಟ್ಟಿದೆ. ಹಾಗಾಗಿ ನೀವು 2020ರ ಏಪ್ರಿಲ್‌ನಲ್ಲಿ ತಪ್ಪಿದ ಕಂತಿಗೂ ಕಾಲ ಓಡಲು ಶುರುವಾದದ್ದು 2022ರ ಮಾರ್ಚ್ 1ರಿಂದ. ಅದು ಓಡುತ್ತಿರುವಾಗಲೇ ನೀವು ಅಕ್ಟೋಬರ್‌ನಲ್ಲಿ 5,000 ಕಟ್ಟಿದಿರಿ, ಚಲನ್ ನಿಮ್ಮ ಕೈಬರಹದಲ್ಲೇ ಇದೆ. ಹಾಗೆ ಭಾಗಶಃ ಕಟ್ಟಿದ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ. ಅಂದರೆ 2025ರ ಅಕ್ಟೋಬರ್‌ವರೆಗೆ ಬ್ಯಾಂಕಿಗೆ ಅವಕಾಶವಿತ್ತು. ದಾವೆ ಹಾಕಿದ್ದು ಆಗಸ್ಟ್‌ನಲ್ಲಿ. ಸಮನ್ಸ್ ನಿಮಗೆ ಯಾವಾಗ ತಲುಪಿತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಕಾಣುವ ಮಟ್ಟಿಗೆ ಸಾಲ ಸತ್ತಿಲ್ಲ. ಅದನ್ನೇ ನಂಬಿ ಮನೆಯಲ್ಲಿ ಕುಳಿತರೆ ಮುಳುಗುತ್ತೀರಿ.

ನಿಜವಾದ ಕೆಲಸ ಇರುವುದು ಸ್ಟೇಟ್‌ಮೆಂಟಿನಲ್ಲಿ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಸಾಲು ಸಾಲಾಗಿ ನೋಡಿದೆ. 2021ರ ಜನವರಿಯಲ್ಲಿ ವಸೂಲಿಗೆ ಬಂದವರ ಕೈಗೆ 7,500 ಕೊಟ್ಟೆ ಎಂದು ಬರೆದಿದ್ದೀರಿ, ನಂಬರಿರುವ ರಸೀದಿಯ ಚಿತ್ರವನ್ನೂ ಇಟ್ಟಿದ್ದೀರಿ. ಸ್ಟೇಟ್‌ಮೆಂಟಿನಲ್ಲಿ ಆ ತಿಂಗಳು ಜಮಾ ಕಾಲಂ ಖಾಲಿ! ಅದರ ಬದಲು ಅದೇ ತಿಂಗಳು ದಂಡದ ಬಡ್ಡಿ ಬಿದ್ದಿದೆ. ಮುಂದಿನ ತಿಂಗಳಿನಿಂದ ಆ ದಂಡವೂ ಬಾಕಿಯಲ್ಲಿ ಸೇರಿ ಅದರ ಮೇಲೂ ಬಡ್ಡಿ ಓಡಿದೆ. ದಂಡದ ಬಡ್ಡಿಯನ್ನು ಅಸಲಿಗೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲೇ ಹೇಳಿದೆ. 2023ರಲ್ಲಿ ರಿಸರ್ವ್ ಬ್ಯಾಂಕು ದಂಡದ ಬಡ್ಡಿ ಎನ್ನುವುದನ್ನೇ ತೆಗೆದು, ದಂಡ ಶುಲ್ಕ ಮಾತ್ರ ಹಾಕಬಹುದು, ಅದರ ಮೇಲೆ ಬಡ್ಡಿ ಹಾಕಬಾರದು ಎಂದಿತು. ನಿಮ್ಮಂಥ ಹಳೆಯ ಸಾಲಗಳಿಗೂ 2024ರ ಜೂನ್ 30ರೊಳಗೆ ಅದು ಬರಬೇಕಿತ್ತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳನ್ನೂ ಬೇರೆಯಾಗಿ ನೋಡಿಸಿ. ಆ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ, ದಂಡದ ಬಡ್ಡಿ ಯಾರಿಗೂ ಹಾಕಬಾರದು, ಹಾಕಿದ್ದರೆ ವಾಪಸ್ ಕೊಡಬೇಕು ಎಂದು 2021ರ ಮಾರ್ಚ್‌ನಲ್ಲಿ ತೀರ್ಪಾಗಿದೆ. ಸುಮ್ನೆ "ಬಡ್ಡಿ ದರ ಜಾಸ್ತಿಯಾಯ್ತು" ಎಂದು ಮಾತ್ರ ವಾದಿಸಿದರೆ ನಿಲ್ಲುವುದಿಲ್ಲ. ದರ ವಿಪರೀತ ಎಂಬ ಕಾರಣಕ್ಕೆ ಕೋರ್ಟು ಬ್ಯಾಂಕಿನ ಲೆಕ್ಕವನ್ನು ಮತ್ತೆ ತೆರೆಯದಂತೆ ಬ್ಯಾಂಕಿಂಗ್ ಕಾನೂನೇ ತಡೆಯುತ್ತದೆ. ಒಪ್ಪಂದದಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಾಕಿದ್ದಾರಾ, ಕಟ್ಟಿದ್ದನ್ನು ಬಿಟ್ಟಿದ್ದಾರಾ ಎನ್ನುವುದನ್ನು ಹಿಡಿಯಿರಿ.

ಇದೆಲ್ಲ ಲಿಖಿತ ಹೇಳಿಕೆಯಲ್ಲಿ, ಅಂದರೆ ದಾವೆಗೆ ನೀವು ಬರಹದಲ್ಲಿ ಕೊಡುವ ಉತ್ತರದಲ್ಲಿ, ಬರಬೇಕು. ಸಮನ್ಸ್ ಕೈಗೆ ಬಂದ ದಿನದಿಂದ 30 ದಿನದೊಳಗೆ ಅದನ್ನು ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ನ್ಯಾಯಾಧೀಶರು 90 ದಿನದವರೆಗೆ ಬಿಡಬಹುದು, ಅದನ್ನು ನಂಬಿ ಕೂರಬೇಡಿ. ಸಮನ್ಸ್ ಜೊತೆ ದಾವೆಯ ಪ್ರತಿ ಇರಲೇಬೇಕು. ಅದರಲ್ಲಿ ಒಂದೊಂದು ಪ್ಯಾರಾಕ್ಕೂ ಉತ್ತರ ಬರೆಸಿ. ಸಾಲ ಪಡೆದದ್ದು ನಿಜ ಎಂಬ ಪ್ಯಾರಾಕ್ಕೆ ಒಪ್ಪಿಗೆ. ಬಾಕಿ ಮೊತ್ತದ ಪ್ಯಾರಾಕ್ಕೆ ಒಪ್ಪಿಗೆಯಿಲ್ಲ, ಯಾಕೆ ಎಂಬ ಕಾರಣ, ರಸೀದಿ ನಂಬರ್, ತಾರೀಖು. "ಎಲ್ಲವೂ ಸುಳ್ಳು" ಎಂದು ಒಂದೇ ಸಾಲು ಬರೆದರೆ ಕೆಲಸಕ್ಕೆ ಬಾರದು. ಬಿಡಿಸಿ ಅಲ್ಲಗಳೆಯದ ಮಾತನ್ನು ಒಪ್ಪಿಕೊಂಡ ಹಾಗೆ ಎಂದೇ ಕಾನೂನು ತಿಳಿಯುತ್ತದೆ. ಮೊದಲ ದಿನದಿಂದ ಪೂರ್ತಿ ಸ್ಟೇಟ್‌ಮೆಂಟ್ ಮತ್ತು ಸಾಲದ ಒಪ್ಪಂದದ ಪ್ರತಿ ಹಾಜರುಪಡಿಸಲಿ ಎಂದೂ ಕೇಳಿ. ಒಪ್ಪಂದದಲ್ಲಿ ಬಡ್ಡಿ ದರದ ಜಾಗ ನೀವು ಸಹಿ ಹಾಕುವಾಗ ತುಂಬಿತ್ತಾ, ಖಾಲಿ ಇತ್ತಾ, ನೆನಪು ಮಾಡಿಕೊಳ್ಳಿ.

ವಕೀಲರ ಫೀಸಿನ ಚಿಂತೆ ಬರೆದಿದ್ದೀರಿ. ನಿಮ್ಮ ಮನೆಯವರು ಎರಡನೇ ಪ್ರತಿವಾದಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, 1987ರ ಕಾನೂನಿನಲ್ಲೇ ಬರೆದಿದೆ. ತಾಲೂಕು ಕಾನೂನು ಸೇವಾ ಸಮಿತಿ ನಿಮ್ಮ ಕೋರ್ಟಿನಲ್ಲೇ ಸಿಗುತ್ತದೆ, ಜಿಲ್ಲಾ ಪ್ರಾಧಿಕಾರ ಚಿಕ್ಕಬಳ್ಳಾಪುರದಲ್ಲಿದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಿಮ್ಮ ಆದಾಯ ಮಿತಿಯೊಳಗಿದ್ದರೆ ನಿಮಗೂ ಸಿಕ್ಕೀತು, ಇಬ್ಬರೂ ಒಟ್ಟಿಗೆ ಅರ್ಜಿ ಕೊಡಿ. 15 ಸಾವಿರ ಕೇಳಿದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಕೇಸ್ ಮುಚ್ಚುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ.

ರಾಜಿಯ ಮಾತು ಬಂದೇ ಬರುತ್ತದೆ. ಲೋಕ ಅದಾಲತ್‌ನಲ್ಲಿ ಬ್ಯಾಂಕುಗಳು ಬಡ್ಡಿಯಲ್ಲಿ ಬಿಟ್ಟುಕೊಡುವುದುಂಟು. ಲೆಕ್ಕದ ತಪ್ಪನ್ನು ಕಾಗದದ ಮೇಲೆ ಇಟ್ಟು ಹೋದವರಿಗೆ ಅಲ್ಲಿ ಮಾತಾಡಲು ಬಲ ಇರುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಆ ದಿನದ ಧೈರ್ಯದಲ್ಲಿ ತಿಂಗಳಿಗೆ ಹತ್ತು ಸಾವಿರ ಕಟ್ಟುತ್ತೇನೆ ಅನ್ನಬೇಡಿ. ಗೂಡಿನ ರೇಟು ಏರಿದ, ನೂಲಿನ ರೇಟು ಬಿದ್ದ ತಿಂಗಳಲ್ಲೂ ಎಷ್ಟು ಕೈಲಾಗುತ್ತದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿ, ಅಷ್ಟನ್ನೇ ಹೇಳಿ. ಒಂದು ಕಂತು ತಪ್ಪಿದರೆ ಏನು ಎಂಬ ಸಾಲನ್ನು ಎರಡು ಸಲ ಓದಿಸಿಕೊಳ್ಳಿ. ರಾಜಿ ಆಗದಿದ್ದರೆ, ಡಿಕ್ರಿ ಮಾಡುವಾಗಲೇ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ನ್ಯಾಯಾಧೀಶರನ್ನು ಕೇಳಬಹುದು. ಡಿಕ್ರಿ ಆದ ಮೇಲೆ ಕೇಳಿದರೆ ಬ್ಯಾಂಕು ಒಪ್ಪಬೇಕಾಗುತ್ತದೆ. ಜಪ್ತಿ ಬಂದರೂ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ತಾಳಿ, ಕಸುಬಿನ ಸಲಕರಣೆ ಮುಟ್ಟುವಂತಿಲ್ಲ. ನಿಮ್ಮ ಯಂತ್ರವೇ ಈ ಸಾಲಕ್ಕೆ ಅಡವಿದ್ದರೆ ಮಾತ್ರ ಆ ರಕ್ಷಣೆಯನ್ನು ನೆಚ್ಚಿಕೊಳ್ಳಬೇಡಿ, ವಕೀಲರನ್ನು ಕೇಳಿ.

ಚಲನ್, ರಸೀದಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಎರಡೆರಡು ಜೆರಾಕ್ಸ್ ಮಾಡಿಸಿ. ಬ್ಯಾಂಕಿನ ಚೀಟಿಗಳ ಮಸಿ ಬೇಗ ಮಾಸುತ್ತದೆ, ಇವತ್ತೇ ಮಾಡಿಸಿ. ಮೂಲ ಚೀಟಿಗಳನ್ನು ಯಾರ ಕೈಗೂ ಸುಮ್ನೆ ಕೊಡಬೇಡಿ. ವಾಯಿದೆ ದಿನ ಇಬ್ಬರೂ ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆಯೇ ಕೋರ್ಟ್ ಹಾಲಿನ ಹತ್ತಿರ ಇರಿ. ಹೆಸರು ಕೂಗಿದಾಗ ಎದ್ದು ನಿಂತು "ಬಂದಿದ್ದೇವೆ ಸ್ವಾಮಿ" ಎನ್ನಿ. ವಕೀಲರು ಇನ್ನೂ ಗೊತ್ತಾಗಿಲ್ಲದಿದ್ದರೆ ಕಾನೂನು ನೆರವಿಗೆ ಅರ್ಜಿ ಕೊಟ್ಟಿದ್ದೇವೆ, ಸಮಯ ಬೇಕು ಎಂದು ಅಲ್ಲೇ ಕೇಳಿ. ಮುಂದಿನ ತಾರೀಖು ಬರೆದುಕೊಂಡ ಮೇಲೆ ನನಗೊಂದು ಫೋನ್ ಮಾಡಿ. ಆ 7,500ರ ರಸೀದಿಗೆ ಬ್ಯಾಂಕು ಏನು ಹೇಳಿತು ಎಂದು ತಿಳಿಯಲು ಕಾಯುತ್ತಿರುತ್ತೇನೆ.