ಓದುಗರ ಪ್ರಶ್ನೆಗೆ ಉತ್ತರ: ಹರ್ಮನ್ ಮೈಯರ್ ಎಂಬ ಹಿಮದ ಓಟಗಾರ

ಪ್ರಶ್ನೆ: 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಸ್ಕೀ ಪಟುವೊಬ್ಬ ಗಾಳಿಯಲ್ಲಿ ಹಾರಿ ತಲೆಕೆಳಗಾಗಿ ಬೀಳುವ ವಿಡಿಯೊ ನೋಡಿದೆ. ಹಾಗೆ ಬಿದ್ದವನು ಅದೇ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದನಂತೆ. ನಿಜವಾ? ಯಾರವನು? ಬರೀ ಅದೃಷ್ಟ ಅಲ್ವಾ ಅದು?

ಉತ್ತರ: ನಿಜ. ಅದೂ ಎರಡು ಚಿನ್ನ. ಅವನು ಆಸ್ಟ್ರಿಯಾದ ಹರ್ಮನ್ ಮೈಯರ್. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದವನು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಹವಾಮಾನ ಕೆಟ್ಟು ಡೌನ್‌ಹಿಲ್ (ಬೆಟ್ಟದಿಂದ ಅತಿ ವೇಗವಾಗಿ ಇಳಿಯುವ) ಸ್ಪರ್ಧೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ನಡೆದದ್ದು ಫೆಬ್ರುವರಿ 13ರ ಶುಕ್ರವಾರ, ಹಕುಬಾದಲ್ಲಿ. ಗಂಟೆಗೆ ನೂರು ಕಿಲೋಮೀಟರ್‌ಗೂ ಜಾಸ್ತಿ ವೇಗ. ಮೇಲ್ಭಾಗದ ಒಂದು ತಿರುವಿಗೆ ಮೈಯರ್ ತೀರಾ ನೇರವಾಗಿ ನುಗ್ಗಿದ. ಕಾಲ ಕೆಳಗಿನ ನೆಲ ಥಟ್ಟನೆ ಇಳಿಯಿತು. ಸ್ಕೀಗಳ ಅಡಿಗೆ ಗಾಳಿ ಹೊಕ್ಕಿತು, ಕಾಲು ಮೇಲಾಯಿತು, ಮೈ ಹಿಂದಕ್ಕೆ ವಾಲಿತು. ಬಿದ್ದ ರಭಸಕ್ಕೆ ಉರುಳುತ್ತಾ ಬೇಲಿ ಹರಿದುಕೊಂಡು ಆಚೆ ಹೋದ. ಆಮೇಲೆ ತಾನೇ ಎದ್ದು ನಿಂತ. ಭುಜಕ್ಕೆ, ಮೊಣಕಾಲಿಗೆ ಪೆಟ್ಟಾಗಿತ್ತು. ಆ ದಿನದ ಚಿನ್ನ ಫ್ರಾನ್ಸ್‌ನ ಜಾನ್-ಲೂಕ್ ಕ್ರೆಟಿಯೆಗೆ ಹೋಯಿತು.

ಮೈಯರ್ ಜೀವ ಉಳಿದದ್ದು ಅದೃಷ್ಟದಿಂದಲೇ, ಒಪ್ಪುತ್ತೇನೆ. ಹೊಸ ಹಿಮ ದಪ್ಪಗೆ ಬಿದ್ದಿತ್ತು, ಅದು ಮೆತ್ತಗಿತ್ತು. ಆದರೆ ಮೂರು ದಿನ ಬಿಟ್ಟು, 16ರಂದು, ಅವನು ಸೂಪರ್-ಜಿ (ಡೌನ್‌ಹಿಲ್‌ಗಿಂತ ತಿರುವು ಹೆಚ್ಚಿರುವ ಸ್ಪರ್ಧೆ) ಗೆದ್ದ. 19ರಂದು, ತಿರುವುಗಳು ಇನ್ನೂ ಹತ್ತಿರ ಇರುವ ಜೈಂಟ್ ಸ್ಲಾಲಮ್ ಕೂಡ ಗೆದ್ದ. ಅದಕ್ಕೂ ಅದೃಷ್ಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಡೌನ್‌ಹಿಲ್‌ಗೆ ಮುಂಚೆ ಅದೇ ಟ್ರ್ಯಾಕಿನಲ್ಲಿ ಪೂರ್ತಿ ವೇಗದ ಅಭ್ಯಾಸಕ್ಕೆ ಅವಕಾಶ ಇರುತ್ತದೆ. ಸೂಪರ್-ಜಿಗೆ ಅದಿಲ್ಲ. ಬೆಳಗ್ಗೆ ಟ್ರ್ಯಾಕ್ ನೋಡಿಕೊಂಡು ಬರಬಹುದು, ಅಷ್ಟೇ. ಓಟಗಾರರು ಸ್ಕೀಗಳನ್ನು ಅಡ್ಡ ಹಿಡಿದು ನಿಧಾನಕ್ಕೆ ಜಾರುತ್ತಾ, ಗೇಟಿನ (ಓಟಗಾರ ಹಾದು ಹೋಗಲೇಬೇಕಾದ ಕಂಬಗಳ ಗುರುತಿನ) ಹತ್ತಿರ ನಿಂತು ಹಿಂದೆ ತಿರುಗಿ ನೋಡುತ್ತಾ ಇಳಿಯುತ್ತಾರೆ. ಎಲ್ಲಿ ಉಬ್ಬಿದೆ, ಉಬ್ಬಿನಾಚೆ ಕಾಣದ ಗೇಟು ಎಡಕ್ಕಿದೆಯೋ ಬಲಕ್ಕಿದೆಯೋ, ಎಲ್ಲಿ ಹಿಮ ಗಾಜಿನಂತೆ ಗಟ್ಟಿ, ಎಲ್ಲಿ ನೆರಳು, ಎಲ್ಲ ತಲೆಯಲ್ಲಿ ಕೂರಬೇಕು. ಓಟಕ್ಕೆ ಮುಂಚೆ ಅವರನ್ನು ಗಮನಿಸಿ. ಕಣ್ಣು ಮುಚ್ಚಿ, ಅಂಗೈ ಆ ಕಡೆ ಈ ಕಡೆ ವಾಲಿಸುತ್ತಾ, ಪೂರ್ತಿ ಟ್ರ್ಯಾಕನ್ನು ಮನಸ್ಸಿನಲ್ಲೇ ಇಳಿದು ಬರುತ್ತಾರೆ. ಆಮೇಲೆ ಒಂದೇ ಓಟ. ಎರಡನೇ ಅವಕಾಶ ಇಲ್ಲ.

ಗೊತ್ತಿಲ್ಲದ ಇಳಿಜಾರನ್ನು ಒಂದೇ ಸಲ ನೋಡಿ ಓದಿಬಿಡುವುದು, ಓದಿದ್ದನ್ನು ಪೂರ್ತಿ ನಂಬಿ ಇಳಿಯುವುದು. ಮೈಯರ್‌ನ ಹೆಚ್ಚುಗಾರಿಕೆ ಇಲ್ಲೇ ಇರುವುದು ಅಂತ ನನ್ನ ಅಭಿಪ್ರಾಯ. ವಿಶ್ವಕಪ್‌ನಲ್ಲಿ, ಅಂದರೆ ಪ್ರತಿ ಚಳಿಗಾಲ ಬೇರೆ ಬೇರೆ ಊರುಗಳಲ್ಲಿ ನಡೆಯುವ ಸ್ಪರ್ಧೆಗಳ ಸರಣಿಯಲ್ಲಿ, ಅವನು ಗೆದ್ದ 54 ಸ್ಪರ್ಧೆಗಳಲ್ಲಿ 24 ಸೂಪರ್-ಜಿಯಲ್ಲೇ ಬಂದವು. ಮೂರು ದಿನ ಹಿಂದೆ ಅದೇ ಹಕುಬಾದಲ್ಲಿ ಬೇಲಿ ದಾಟಿ ಬಿದ್ದವನು ಮತ್ತೆ ತನ್ನ ಕಣ್ಣನ್ನೇ ನಂಬಿ ಇಳಿದನಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಇಂಥವರು ಚಿಕ್ಕಂದಿನಿಂದಲೇ ದೊಡ್ಡ ತರಬೇತಿ ಶಾಲೆಯಲ್ಲಿ ಬೆಳೆದವರೇ ಇರಬೇಕು. ತಡವಾಗಿ ಬಂದವರಿಗೆ ಜಾಗ ಇದೆಯಾ?

ಉತ್ತರ: ಮೈಯರ್ ಕಥೆಯನ್ನೇ ಕೇಳಿ. ಹುಟ್ಟಿದ್ದು 1972ರಲ್ಲಿ, ಊರು ಸಾಲ್ಸ್‌ಬರ್ಗ್ ಪ್ರಾಂತ್ಯದ ಫ್ಲಾಖಾವ್. ಅಪ್ಪ ಅಲ್ಲೇ ಸ್ಕೀ ಶಾಲೆ ನಡೆಸುತ್ತಿದ್ದರು. ಹುಡುಗ ಶ್ಲಾಡ್ಮಿಂಗ್‌ನ ಹೆಸರಾಂತ ಸ್ಕೀ ಶಾಲೆಗೆ ಸೇರಿದ. ಮೈಕಟ್ಟು ಸಣ್ಣದು, ಮೊಣಕಾಲು ನೋವು ಬೇರೆ. ಹದಿನೈದರ ವಯಸ್ಸಿನಲ್ಲೇ ಮನೆಗೆ ವಾಪಸಾದ. ಆಮೇಲೆ ಬೇಸಿಗೆಯಲ್ಲಿ ಗಾರೆ ಕೆಲಸ, ಚಳಿಗಾಲದಲ್ಲಿ ಅಪ್ಪನ ಶಾಲೆಯಲ್ಲಿ ಪಾಠ ಹೇಳುವುದು. ಹೀಗೇ ವರ್ಷಗಳು ಹೋದವು. ಇಟ್ಟಿಗೆ ಹೊತ್ತ ಮೈ ಗಟ್ಟಿಯಾಯಿತು.

1996ರ ಜನವರಿ 6ರಂದು ಅವನ ಊರಲ್ಲೇ ವಿಶ್ವಕಪ್ ಜೈಂಟ್ ಸ್ಲಾಲಮ್ ಇತ್ತು. ಅವನು ಸ್ಪರ್ಧಿ ಅಲ್ಲ, ಫೋರ್‌ರನ್ನರ್. ಅಂದರೆ ಸ್ಪರ್ಧೆಗೆ ಮುಂಚೆ ಒಂದು ಸಲ ಇಳಿದು, ಟ್ರ್ಯಾಕ್ ಸರಿಯಿದೆಯಾ, ಗಡಿಯಾರ ಓಡುತ್ತಿದೆಯಾ ಅಂತ ಖಾತ್ರಿ ಮಾಡಿಕೊಡುವವನು. ಅವನ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಹೋಲಿಸಿ ನೋಡಿದರೆ 12ನೇ ಸ್ಥಾನ ಸಿಗುವಷ್ಟು ವೇಗ! ಆಸ್ಟ್ರಿಯಾದ ತರಬೇತುದಾರರು ಅದನ್ನು ನೋಡದೆ ಬಿಡಲಿಲ್ಲ. ಮುಂದಿನ ತಿಂಗಳೇ ಹಿಂಟರ್‌ಸ್ಟೋಡರ್‌ನಲ್ಲಿ ವಿಶ್ವಕಪ್‌ನ ಮೊದಲ ಓಟ. ಆಗ ಅವನಿಗೆ ಇಪ್ಪತ್ತಮೂರು. ಮುಂದಿನ ವರ್ಷ ಗಾರ್ಮಿಶ್‌ನಲ್ಲಿ ಮೊದಲ ಗೆಲುವು, ಅದೂ ಸೂಪರ್-ಜಿಯೇ.

ಫೋರ್‌ರನ್ನರ್‌ಗೆ ಮುಂದೆ ಹೋದವರು ಇಳಿದ ದಾರಿ ನೋಡಲು ಸಿಗುವುದಿಲ್ಲ. ಕೆಳಗಿನಿಂದ ರೇಡಿಯೊದಲ್ಲಿ ಸುಳಿವು ಕೊಡುವವರೂ ಇಲ್ಲ. ಎಲ್ಲ ತಾನೇ ನೋಡಿ ತಿಳಿಯಬೇಕು. ಮುಂದೆ ಸೂಪರ್-ಜಿಯಲ್ಲಿ ಅವನನ್ನು ಮೇಲೆತ್ತಿದ ಗುಣ ಆ ಬೆಳಗ್ಗೆಯೇ ಕಂಡಿತ್ತು ಅಂತ ನನಗನಿಸುತ್ತದೆ.

ಜಾಗ ಇದೆಯಾ ಅಂದಿರಿ. ಆಸ್ಟ್ರಿಯಾದ ತಂಡದಲ್ಲಿ ಜಾಗ ಸಿಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಮಾತು ಸಾಕು. 1998ರ ಡಿಸೆಂಬರ್‌ನಲ್ಲಿ ಇನ್ಸ್‌ಬ್ರುಕ್ ಹತ್ತಿರದ ಪಾಚರ್‌ಕೋಫೆಲ್‌ನಲ್ಲಿ ನಡೆದ ಸೂಪರ್-ಜಿಯಲ್ಲಿ ಮೊದಲ ಒಂಬತ್ತು ಸ್ಥಾನವೂ ಆಸ್ಟ್ರಿಯಾದವರದ್ದೇ. ಗೆದ್ದವನು ಮೈಯರ್.

ಪ್ರಶ್ನೆ: ಮೈಯರ್ ಒಂದು ಋತುವಿನಲ್ಲಿ 2000 ಅಂಕ ಗಳಿಸಿದ ಅಂತ ಓದಿದೆ. ಅದು ಅಷ್ಟು ದೊಡ್ಡದಾ?

ಉತ್ತರ: ದೊಡ್ಡದೇ. ವಿಶ್ವಕಪ್‌ನಲ್ಲಿ ಒಂದು ಗೆಲುವಿಗೆ 100 ಅಂಕ, ಎರಡನೇ ಸ್ಥಾನಕ್ಕೆ 80, ಮೂರನೆಯದಕ್ಕೆ 60, ಹೀಗೆ ಮೂವತ್ತನೇ ಸ್ಥಾನದವರೆಗೆ ಇಳಿಯುತ್ತದೆ. 1999-2000ರಲ್ಲಿ ಅವನು ಸರಿಯಾಗಿ 2000 ಮುಟ್ಟಿದ. ಆಮೇಲೆ 2012-13ರಲ್ಲಿ ಸ್ಲೊವೇನಿಯಾದ ಟೀನಾ ಮಾಜೆ 2414 ಗಳಿಸಿದಳು. ಅವಳ ಬಗ್ಗೆಯೂ ಯಾರಾದರೂ ಕೇಳಿ, ಖುಷಿಯಿಂದ ಬರೆಯುತ್ತೇನೆ.

ಪ್ರಶ್ನೆ: ಬೈಕ್ ಅಪಘಾತದಲ್ಲಿ ಅವನ ವೃತ್ತಿಜೀವನ ಮುಗಿಯಿತಾ?

ಉತ್ತರ: ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2001ರ ಆಗಸ್ಟ್ 24ರಂದು ಬೈಕಿನಲ್ಲಿ ಹೋಗುತ್ತಿದ್ದಾಗ ಕಾರಿಗೆ ಡಿಕ್ಕಿಯಾಯಿತು. ಬಲಗಾಲಿನ ಕೆಳಭಾಗ ನುಚ್ಚುನೂರು. ಕಾಲು ತೆಗೆಯಬೇಕಾದೀತು ಅನ್ನುವ ಪರಿಸ್ಥಿತಿ. ವೈದ್ಯರು ಕಾಲು ಉಳಿಸಿ, ಒಳಗೆ ಟೈಟೇನಿಯಂ ಸರಳು ಇಟ್ಟರು. 2002ರ ಒಲಿಂಪಿಕ್ಸ್ ತಪ್ಪಿತು.

ಸ್ಕೀ ಬೂಟು ಹಾಕಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಆ ಬೂಟು ಗಟ್ಟಿ ಪ್ಲಾಸ್ಟಿಕ್, ಕಣಕಾಲನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ತಿರುವಿನಲ್ಲಿ ಮೊಣಕಾಲಿನ ಕೆಳಗಿನ ಭಾಗವನ್ನು ಬೂಟಿನ ಮುಂಭಾಗಕ್ಕೆ ಒತ್ತಿಯೇ ಸ್ಕೀಯ ಅಂಚನ್ನು ಹಿಮಕ್ಕೆ ಕೂರಿಸಬೇಕು. ಅವನಿಗೆ ಮೂಳೆ ಮುರಿದಿದ್ದದ್ದು ಸರಿಯಾಗಿ ಆ ಭಾಗದಲ್ಲೇ.

2003ರ ಜನವರಿಯಲ್ಲಿ ಆಡೆಲ್‌ಬೋಡೆನ್‌ನ ಜೈಂಟ್ ಸ್ಲಾಲಮ್‌ನಲ್ಲಿ ಮತ್ತೆ ಕಣಕ್ಕಿಳಿದ. ಮೊದಲ ಓಟದಲ್ಲಿ ಮೂವತ್ತರೊಳಗೆ ಬಂದವರಿಗೆ ಮಾತ್ರ ಎರಡನೇ ಓಟ, ಅವನಿಗೆ ಅದೂ ದಕ್ಕಲಿಲ್ಲ. ಎರಡು ವಾರವಾಗುವಷ್ಟರಲ್ಲಿ, 27ರಂದು, ಕಿಟ್ಸ್‌ಬ್ಯೂಲ್‌ನಲ್ಲಿ ಸೂಪರ್-ಜಿ ಗೆದ್ದ! ಆಸ್ಟ್ರಿಯಾದ ಜನ ತಮ್ಮ ಎದೆಯಲ್ಲಿಟ್ಟುಕೊಂಡ ಬೆಟ್ಟ ಅದು. ಮುಂದಿನ ತಿಂಗಳು ಸೇಂಟ್ ಮೊರಿಟ್ಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2004ರಲ್ಲಿ ನಾಲ್ಕನೇ ಸಲ ವಿಶ್ವಕಪ್‌ನ ಒಟ್ಟು ಕಿರೀಟ, ಅಂದರೆ ಎಲ್ಲ ಬಗೆಯ ಸ್ಪರ್ಧೆಗಳ ಅಂಕ ಸೇರಿಸಿದಾಗ ಮೊದಲ ಸ್ಥಾನ. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಒಂದು ಬೆಳ್ಳಿ, ಒಂದು ಕಂಚು. ನಿವೃತ್ತಿ ಹೇಳಿದ್ದು 2009ರಲ್ಲಿ.

ಪ್ರಶ್ನೆ: ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ವಿಶ್ವಕಪ್‌ನಲ್ಲಿ 86 ಸ್ಪರ್ಧೆ ಗೆದ್ದರು. ಅಮೆರಿಕದ ಮಿಕೇಲಾ ಶಿಫ್ರಿನ್ ನೂರು ದಾಟಿದ್ದಾರೆ. 54 ಗೆದ್ದವನನ್ನು ಎಲ್ಲಿ ಇಡುತ್ತೀರಿ?

ಉತ್ತರ: ಲೆಕ್ಕದಲ್ಲಿ ಶಿಫ್ರಿನ್ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ಹದಿನೈದಕ್ಕೇ ವಿಶ್ವಕಪ್‌ಗೆ ಬಂದು, ಹದಿನೆಂಟಕ್ಕೆ ಒಲಿಂಪಿಕ್ ಚಿನ್ನ ಗೆದ್ದವರು ಅವರು. ಸ್ಟೆನ್‌ಮಾರ್ಕ್ 86ನ್ನೂ ಸ್ಲಾಲಮ್ (ತೀರಾ ಹತ್ತಿರದ ತಿರುವುಗಳ ಸ್ಪರ್ಧೆ), ಜೈಂಟ್ ಸ್ಲಾಲಮ್ ಎರಡರಲ್ಲೇ ಗೆದ್ದರು. ಆದರೆ ಬೆಳಗ್ಗೆ ಒಮ್ಮೆ ಕಂಡ ಇಳಿಜಾರಿನಲ್ಲಿ, ಒಂದೇ ಓಟದಲ್ಲಿ, ನೂರರ ವೇಗದಲ್ಲಿ ಯಾರನ್ನು ನೋಡಬೇಕು ಅಂತ ಕೇಳಿದರೆ ನಾನು ಮೈಯರ್ ಹೆಸರೇ ಹೇಳುತ್ತೇನೆ. ನಗಾನೊ ವಿಡಿಯೊ ಹುಡುಕಿದಾಗ ಬಿದ್ದದ್ದರ ಜೊತೆ 16ರ ಸೂಪರ್-ಜಿ ಓಟವನ್ನೂ ನೋಡಿ. ಉಬ್ಬು ಬರುವ ಮೊದಲೇ ಅವನ ಮೈ ಮುಂದಿನ ಗೇಟಿನ ಕಡೆ ತಿರುಗಿರುತ್ತದೆ.