ಓದುಗರ ಪ್ರಶ್ನೆಗಳು: ಮ್ಯಾನ್ಮಾರ್‌ನ ಸುಧಾರಣೆ ಎಲ್ಲಿಯವರೆಗೆ ತಲುಪಿತ್ತು?

ದೀರ್ಘ ಸೇನಾಡಳಿತದ ನಂತರ 2011ರಲ್ಲಿ ಮ್ಯಾನ್ಮಾರ್‌ನಲ್ಲಿ ಆರಂಭವಾದ ರಾಜಕೀಯ ಸುಧಾರಣೆ ಮತ್ತು 2021ರಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿದಾಗ ಆದ ಅದರ ಪತನವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ಅಂಶವನ್ನು ಕೇಳಿದವುಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2011ರಿಂದ 2021ರವರೆಗಿನ ಹತ್ತು ವರ್ಷಗಳನ್ನು ಸುಧಾರಣೆಯ ಕಾಲವೆಂದು ಕರೆಯುತ್ತಾರೆ. ಸೇನೆಯೇ ಬರೆಸಿದ ಸಂವಿಧಾನದ ಅಡಿಯಲ್ಲಿ ನಡೆದದ್ದನ್ನು ನಿಜಕ್ಕೂ ಸುಧಾರಣೆ ಎನ್ನಬಹುದೇ?

ಉತ್ತರ: ಎನ್ನಬಹುದು, ಆದರೆ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. 2011ರ ಮಾರ್ಚ್ 30ರಂದು ನಿವೃತ್ತ ಜನರಲ್ ಥೀನ್ ಸೇನ್ ಅಧ್ಯಕ್ಷರಾದಾಗ ಬಹುತೇಕ ವೀಕ್ಷಕರು ಅದನ್ನು ಸಮವಸ್ತ್ರ ಬದಲಿಸಿದ ಸೇನಾಡಳಿತವೆಂದೇ ಭಾವಿಸಿದ್ದರು. ಆದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಚೀನಾದ ಬಂಡವಾಳದ ಮ್ಯಿತ್ಸೋನ್ ಅಣೆಕಟ್ಟಿನ ಕಾಮಗಾರಿಯನ್ನು ಜನಾಭಿಪ್ರಾಯಕ್ಕೆ ಮಣಿದು ನಿಲ್ಲಿಸಿದರು. 2012ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ತಾನು ಸ್ಪರ್ಧಿಸಿದ 44 ಸ್ಥಾನಗಳಲ್ಲಿ 43ನ್ನು ಗೆದ್ದಿತು. ಆ ವರ್ಷದ ಆಗಸ್ಟ್‌ನಲ್ಲಿ ಮುದ್ರಣಪೂರ್ವ ಸೆನ್ಸಾರ್ ರದ್ದಾಯಿತು. 2013ರ ಏಪ್ರಿಲ್‌ನಿಂದ ಖಾಸಗಿ ದಿನಪತ್ರಿಕೆಗಳು ಹೊರಬರತೊಡಗಿದವು. ದಶಕಗಳ ಕಾಲ ಡಾಲರ್‌ಗೆ ಸುಮಾರು 6 ಚಾಟ್ (ಮ್ಯಾನ್ಮಾರ್‌ನ ಹಣ) ಎಂದು ಕಾಗದದ ಮೇಲಷ್ಟೇ ಇದ್ದ ವಿನಿಮಯ ದರವನ್ನು 2012ರಲ್ಲಿ ಕೈಬಿಟ್ಟು, ಮಾರುಕಟ್ಟೆಯಲ್ಲಿ ವಾಸ್ತವವಾಗಿ ನಡೆಯುತ್ತಿದ್ದ 800 ಚಾಟ್‌ಗಳ ಆಸುಪಾಸಿಗೆ ತರಲಾಯಿತು. ಇವು ತೋರಿಕೆಯ ಬದಲಾವಣೆಗಳಲ್ಲ.

ಇನ್ನೊಂದು ಮಗ್ಗುಲಿನಲ್ಲಿ 2008ರ ಸಂವಿಧಾನವಿದೆ. ಸಂಸತ್ತಿನ ಶೇ 25ರಷ್ಟು ಸ್ಥಾನಗಳು ಸೇನೆಗೆ ಮೀಸಲು, ಸಂವಿಧಾನದ ತಿದ್ದುಪಡಿಗೆ ಶೇ 75ಕ್ಕಿಂತ ಹೆಚ್ಚು ಮತ ಬೇಕು. ಅಂದರೆ ಸೇನೆ ಒಪ್ಪದೆ ಒಂದು ಅಕ್ಷರವೂ ಬದಲಾಗದು. ರಕ್ಷಣೆ, ಗೃಹ, ಗಡಿ ವ್ಯವಹಾರ ಈ ಮೂರು ಖಾತೆಗಳ ಸಚಿವರನ್ನು ಸೂಚಿಸುವವರು ಸೇನಾ ಮುಖ್ಯಸ್ಥರೇ. ಯಾವುದನ್ನು ತೆರೆದರೆ ತನ್ನ ಅಧಿಕಾರಕ್ಕೆ ಧಕ್ಕೆಯಿಲ್ಲವೋ ಅದನ್ನು ಸೇನೆ ತೆರೆದುಕೊಟ್ಟಿತು. ನಿರಾಶ್ರಿತರ ಸಂಕಟ, ಭೂಮಿ, ಪೌರತ್ವ, ಗಡಿ ಪ್ರದೇಶಗಳ ಆಡಳಿತ ಇವೆಲ್ಲ ಉಳಿದದ್ದು ಅದು ತೆರೆಯದ ಭಾಗದಲ್ಲಿ. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ.

ಪ್ರಶ್ನೆ: ಪ್ರಜಾಪ್ರಭುತ್ವದತ್ತ ಸಾಗುತ್ತಿದ್ದ ವರ್ಷಗಳಲ್ಲೇ ಕಚಿನ್ ಮತ್ತು ರಖೈನ್ ರಾಜ್ಯಗಳಲ್ಲಿ ಲಕ್ಷಾಂತರ ಜನ ಮನೆ ಬಿಟ್ಟು ಓಡಿದ್ದೇಕೆ? ಇದು ಕಾಕತಾಳೀಯವೇ?

ಉತ್ತರ: ಎರಡೂ ರಾಜ್ಯಗಳ ಕಾರಣಗಳು ಬೇರೆ, ಆದ್ದರಿಂದ ಒಂದೇ ಉತ್ತರ ಸಾಲದು. ಕಚಿನ್ ಬಂಡುಕೋರ ಸಂಘಟನೆಯೊಂದಿಗೆ 1994ರಲ್ಲಿ ಆಗಿದ್ದ ಕದನವಿರಾಮ ಮುರಿದುಬಿದ್ದದ್ದು 2011ರ ಜೂನ್‌ನಲ್ಲಿ, ಹೊಸ ಸರ್ಕಾರ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಹೊಸ ಸಂವಿಧಾನದ ಪ್ರಕಾರ ದೇಶದ ಎಲ್ಲ ಸಶಸ್ತ್ರ ಪಡೆಗಳೂ ಸೇನೆಯ ಅಧೀನಕ್ಕೆ ಬರಬೇಕಿತ್ತು. ಗಡಿ ಕಾವಲು ಪಡೆಯಾಗಿ ಬದಲಾಗಲು ಕಚಿನ್ ಪಡೆ ಒಪ್ಪಲಿಲ್ಲ. ಹಾಗಾಗಿ ಈ ಯುದ್ಧಕ್ಕೂ ಸುಧಾರಣೆಯ ಮೂಲ ದಾಖಲೆಗೂ ನೇರ ಸಂಬಂಧವಿದೆ. ದಾಳಿ ನಿಲ್ಲಿಸುವಂತೆ ಥೀನ್ ಸೇನ್ 2011ರ ಡಿಸೆಂಬರ್‌ನಲ್ಲಿ ಆದೇಶಿಸಿದರೂ ಕಾಳಗ ನಿಲ್ಲಲಿಲ್ಲ, ಮರುವರ್ಷದ ಕೊನೆಗೆ ವಾಯುದಾಳಿಯೇ ನಡೆಯಿತು. ಸುಮಾರು ಒಂದು ಲಕ್ಷ ಜನ ಶಿಬಿರ ಸೇರಿದರು. ಅವರಲ್ಲಿ ಹಲವರಿದ್ದದ್ದು ಬಂಡುಕೋರರ ಹಿಡಿತದ ಚೀನಾ ಗಡಿಯಲ್ಲಿ. ಅಲ್ಲಿಗೆ ವಿಶ್ವಸಂಸ್ಥೆಯ ಲಾರಿಗಳು ಹೋಗಲು ಸರ್ಕಾರದ ಅನುಮತಿ ಬೇಕಿತ್ತು, ಅನುಮತಿ ಅಪರೂಪಕ್ಕೆ ಸಿಗುತ್ತಿತ್ತು. ಆ ಶಿಬಿರಗಳನ್ನು ನಡೆಸಿದವರು ಬಹುಮಟ್ಟಿಗೆ ಸ್ಥಳೀಯ ಚರ್ಚ್ ಸಂಸ್ಥೆಗಳೇ.

ರಖೈನ್‌ನದು ಇನ್ನೂ ಹಳೆಯ ಗಾಯ. 1982ರ ಪೌರತ್ವ ಕಾನೂನಿನಿಂದಾಗಿ ರೋಹಿಂಗ್ಯಾ ಮುಸ್ಲಿಮರಲ್ಲಿ ಬಹುತೇಕರು ಯಾವ ದೇಶಕ್ಕೂ ಸೇರದವರಾಗಿದ್ದರು. 2012ರ ಜೂನ್ ಮತ್ತು ಅಕ್ಟೋಬರ್‌ನ ಗಲಭೆಗಳ ನಂತರ ಸುಮಾರು 1.40 ಲಕ್ಷ ಜನ, ಹೆಚ್ಚಿನವರು ರೋಹಿಂಗ್ಯಾಗಳು, ಸಿತ್ವೆ ಪಟ್ಟಣದ ಸುತ್ತಮುತ್ತಲ ಶಿಬಿರಗಳಲ್ಲಿ ಉಳಿದರು. ಶಿಬಿರ ಎಂಬ ಮಾತಿನಿಂದ ತಾತ್ಕಾಲಿಕ ಆಸರೆ ಎಂಬ ಅರ್ಥ ಬರುತ್ತದೆ. ಇವರಿಗೋ ಹೊರಗೆ ಹೋಗಲು, ಪಟ್ಟಣದ ಆಸ್ಪತ್ರೆಗೆ ದಾಖಲಾಗಲು ಕೂಡ ಪರವಾನಗಿ ಬೇಕಿತ್ತು. 2014ರಲ್ಲಿ ಮೂವತ್ತೊಂದು ವರ್ಷಗಳ ನಂತರ ನಡೆದ ಜನಗಣತಿಯಲ್ಲಿ ತಮ್ಮನ್ನು ರೋಹಿಂಗ್ಯಾ ಎಂದು ಹೇಳಿಕೊಂಡವರನ್ನು ಎಣಿಸಲಿಲ್ಲ. 2015ರಲ್ಲಿ ಅವರ ಬಳಿಯಿದ್ದ ತಾತ್ಕಾಲಿಕ ಗುರುತುಪತ್ರಗಳೂ ರದ್ದಾದವು. ಇಡೀ ದೇಶ ಮುಕ್ತ ಚುನಾವಣೆಗೆ ಸಾಲು ನಿಂತ ವರ್ಷವೇ ಅವರು ಮತದಾನದ ಹಕ್ಕು ಕಳೆದುಕೊಂಡರು.

ಇದರ ಜೊತೆಗೆ ಸಾಮಾನ್ಯವಾಗಿ ಚರ್ಚೆಗೆ ಬಾರದ ಸಂಗತಿಯೊಂದಿದೆ. ರಖೈನ್ ರಾಜ್ಯದ ಬೌದ್ಧರೂ ಕಡುಬಡವರೇ. ವಿಶ್ವಬ್ಯಾಂಕ್ ಅಂದಾಜಿನಂತೆ ಅಲ್ಲಿನ ಬಡತನದ ಪ್ರಮಾಣ ಶೇ 78, ಆಗ ಇಡೀ ದೇಶದ್ದು ಶೇ 37.5. ವಿದೇಶಿ ನೆರವೆಲ್ಲ ಮುಸ್ಲಿಮರ ಶಿಬಿರಗಳಿಗೇ ಹೋಗುತ್ತಿದೆ ಎಂಬ ಸಿಟ್ಟು ಅವರಲ್ಲಿತ್ತು, ಅದನ್ನು ಬಳಸಿಕೊಳ್ಳುವವರೂ ಇದ್ದರು. 2014ರ ಫೆಬ್ರುವರಿಯಲ್ಲಿ ‘ಗಡಿಗಳಿಲ್ಲದ ವೈದ್ಯರು’ (ಎಂಎಸ್‌ಎಫ್) ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯನ್ನು ರಖೈನ್‌ನಿಂದ ಹೊರಹಾಕಲಾಯಿತು. ಮಾರ್ಚ್‌ನಲ್ಲಿ ಸಿತ್ವೆಯ ನೆರವು ಸಂಸ್ಥೆಗಳ ಕಚೇರಿಗಳ ಮೇಲೆ ಗುಂಪು ದಾಳಿ ನಡೆಯಿತು. ಅಭಿವೃದ್ಧಿಯೇ ಕಾಣದ ನಾಡಿನಲ್ಲಿ ಒಂದು ಸಮುದಾಯಕ್ಕೆ ಮಾತ್ರ ತುರ್ತು ಅಕ್ಕಿ ಹಂಚಿದರೆ, ಹಂಚುವವರ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಅದು ಪಕ್ಷಪಾತವಾಗಿಯೇ ಕಾಣುತ್ತದೆ. ಇದನ್ನು ಹೇಳಿದರೆ ದಾಳಿಯನ್ನು ಸಮರ್ಥಿಸಿದಂತಾಗುವುದಿಲ್ಲ.

2015ರ ಆ ಚುನಾವಣೆಯಲ್ಲಿ ಗೆದ್ದು ಬಂದ ಸೂ ಕಿ ಅವರ ಸರ್ಕಾರವೇ 2016ರಲ್ಲಿ ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅಧ್ಯಕ್ಷತೆಯ ಸಲಹಾ ಆಯೋಗವನ್ನು ರಚಿಸಿತು. ಪೌರತ್ವ ಕಾನೂನಿನ ಪರಿಶೀಲನೆ, ಸಂಚಾರ ಸ್ವಾತಂತ್ರ್ಯ, ಎರಡೂ ಸಮುದಾಯಗಳಿಗೆ ತಲುಪುವ ಅಭಿವೃದ್ಧಿ ಇವನ್ನು ಸೂಚಿಸಿದ ಅದರ ವರದಿ 2017ರ ಆಗಸ್ಟ್ 24ರಂದು ಬಿಡುಗಡೆಯಾಯಿತು. ಮರುದಿನ ನಸುಕಿನಲ್ಲಿ ರೋಹಿಂಗ್ಯಾ ಉಗ್ರರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು; ಸೇನೆ ಅದಕ್ಕೆ ಊರೂರುಗಳನ್ನೇ ಸುಟ್ಟು ಉತ್ತರಿಸಿತು. ಏಳು ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿ ದಾಟಿ ಬಾಂಗ್ಲಾದೇಶ ಸೇರಿದರು.

ಪ್ರಶ್ನೆ: ಆ ವರ್ಷಗಳಲ್ಲಿ ಮ್ಯಾನ್ಮಾರ್‌ಗೆ ಸಾಲಮನ್ನಾ, ನೆರವು, ಬಂಡವಾಳ ಎಲ್ಲವೂ ಹರಿದುಬಂದಿತಲ್ಲವೇ? ಹಣವಿದ್ದೂ ಹಳ್ಳಿಗಳಿಗೆ ಏಕೆ ತಲುಪಲಿಲ್ಲ?

ಉತ್ತರ: ಹಣ ಬಂದದ್ದು ನಿಜ. 2013ರ ಜನವರಿಯಲ್ಲಿ ಸಾಲ ಕೊಟ್ಟ ದೇಶಗಳ ಗುಂಪಾದ ಪ್ಯಾರಿಸ್ ಕ್ಲಬ್‌ನ ದೇಶಗಳು ಸುಮಾರು 600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದವು. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕುಗಳು ಸಾಲ ನೀಡಿಕೆಯನ್ನು ಪುನರಾರಂಭಿಸಿದವು. ಹಳ್ಳಿಗಳಿಗೆ ಏನೂ ತಲುಪಲಿಲ್ಲ ಎನ್ನುವುದು ಸರಿಯಲ್ಲ, ಬಡತನ ಇಳಿದಿತ್ತು. ಆದರೆ 2014ರ ಗಣತಿಯ ವೇಳೆಗೂ ದೀಪಕ್ಕೆ ವಿದ್ಯುತ್ ಜಾಲವನ್ನು ಬಳಸುತ್ತಿದ್ದ ಮನೆಗಳು ಮೂರರಲ್ಲಿ ಒಂದರಷ್ಟು ಮಾತ್ರ.

ತೊಡಕು ಇದ್ದದ್ದು ಹಣವನ್ನು ಸಾಗಿಸುವ ಆಡಳಿತದಲ್ಲಿ. ಟೌನ್‌ಶಿಪ್ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಮಟ್ಟದಲ್ಲಿ ಜನರ ಮುಂದೆ ಸರ್ಕಾರವಾಗಿ ನಿಲ್ಲುತ್ತಿದ್ದುದು ಸಾಮಾನ್ಯ ಆಡಳಿತ ಇಲಾಖೆ. ತೆರಿಗೆ, ಭೂ ದಾಖಲೆ, ಊರಿಗೆ ಬರುವ ಹೊರಗಿನವರ ನೋಂದಣಿ ಎಲ್ಲದರಲ್ಲೂ ಅದರ ಕೈಯಿತ್ತು. ಆ ಇಲಾಖೆ ಸೇನೆಯ ಗೃಹ ಸಚಿವರ ಅಡಿಯಲ್ಲೇ ಇತ್ತು, ಚುನಾಯಿತ ಸರ್ಕಾರದ ಕೈಗೆ ಬಂದದ್ದು 2018ರ ಕೊನೆಗೆ. ಅಲ್ಲಿಯವರೆಗೆ ರಾಜಧಾನಿ ನೇಪಿಡಾದಲ್ಲಿ ಯಾರೇ ಮಂತ್ರಿಯಾಗಿರಲಿ, ಹಳ್ಳಿಯ ಪಾಲಿಗೆ ಸರ್ಕಾರ ಹಳೆಯದೇ.

ಭೂಮಿಯ ವಿಷಯ ಇನ್ನೂ ಗಂಭೀರ. ಸಂವಿಧಾನದ ಪ್ರಕಾರ ಎಲ್ಲ ಭೂಮಿಯ ಮೂಲ ಒಡೆತನ ಪ್ರಭುತ್ವದ್ದು. ಬಂಡವಾಳ ಆಕರ್ಷಿಸಲು 2012ರಲ್ಲಿ ತಂದ ಕಾನೂನು, ಪಾಳು ಮತ್ತು ಬಳಕೆಯಲ್ಲಿಲ್ಲದ ಭೂಮಿಯನ್ನು ಕಂಪನಿಗಳಿಗೆ ಕೊಡಲು ದಾರಿ ಮಾಡಿತು. ದಾಖಲೆಯಿಲ್ಲದ ಭೂಮಿಯೆಲ್ಲ ಪಾಳು ಎಂಬ ಲೆಕ್ಕಕ್ಕೆ ಬೀಳಬಹುದಾದ್ದರಿಂದ, ಬೆಟ್ಟಸೀಮೆಯಲ್ಲಿ ತಲೆತಲಾಂತರದಿಂದ ಸರದಿ ಬೇಸಾಯ ಮಾಡುತ್ತಿದ್ದ ಬುಡಕಟ್ಟುಗಳ ಜಮೀನು ಅತಂತ್ರವಾಯಿತು. 2018ರಲ್ಲಿ ಚುನಾಯಿತ ಸಂಸತ್ತೇ ಆ ಕಾನೂನಿಗೆ ತಿದ್ದುಪಡಿ ತಂದು, ಇಂಥ ಭೂಮಿ ಬಳಸುವವರು ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಇಲ್ಲವಾದರೆ ಎರಡು ವರ್ಷದವರೆಗೆ ಜೈಲು ಎಂದಿತು. ಯುದ್ಧದಿಂದ ಊರು ಬಿಟ್ಟು ಶಿಬಿರದಲ್ಲಿ ಕುಳಿತ ಕಚಿನ್ ರೈತ ಎಲ್ಲಿ ಹೋಗಿ ಅರ್ಜಿ ಹಾಕಬೇಕು? ಸೇನೆಯ ಒತ್ತಡವಿಲ್ಲದೆಯೂ ಚುನಾಯಿತರು ಮಾಡಿದ ತಪ್ಪು ಇದು. ಎಲ್ಲ ದೋಷವನ್ನೂ ಜನರಲ್‌ಗಳ ತಲೆಗೆ ಕಟ್ಟಲಾಗದು.

ಪ್ರಶ್ನೆ: ಅಗ್ಗದ ಮೊಬೈಲ್ ಮತ್ತು ಅಂತರ್ಜಾಲ ಬಂದದ್ದೇ ದ್ವೇಷಕ್ಕೆ ಕಾರಣವೆಂದು ಓದಿದೆ. ನಿಜವೇ?

ಉತ್ತರ: ದ್ವೇಷ ಮೊದಲೇ ಇತ್ತು, 2012ರ ಗಲಭೆ ನಡೆದಾಗ ಬಹುಜನರ ಬಳಿ ಫೋನ್ ಇರಲಿಲ್ಲ. ಹಿಂದೆ ಸಾವಿರಾರು ಡಾಲರ್ ತೆರಬೇಕಿದ್ದ ಸಿಮ್ ಕಾರ್ಡ್, 2014ರಲ್ಲಿ ವಿದೇಶಿ ಕಂಪನಿಗಳು ಬಂದಾಗ 1,500 ಚಾಟ್‌ಗಳಿಗೆ ಸಿಕ್ಕಿತು. ಫೇಸ್‌ಬುಕ್ಕೇ ಅಂತರ್ಜಾಲವೆಂಬ ಭಾವನೆ ಬೆಳೆಯಿತು. ದ್ವೇಷ ಹರಡದಂತೆ ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಆ ಕಂಪನಿ 2018ರಲ್ಲಿ ಒಪ್ಪಿಕೊಂಡಿದೆ.

ಪ್ರಶ್ನೆ: ವಿಶ್ವಸಂಸ್ಥೆ ಮತ್ತು ಪಶ್ಚಿಮದ ದೇಶಗಳು ಇದನ್ನೆಲ್ಲ ನೋಡುತ್ತಲೇ ಇದ್ದವಲ್ಲವೇ? ನಿರ್ಬಂಧಗಳನ್ನು ಅವಸರದಲ್ಲಿ ತೆಗೆದದ್ದು ತಪ್ಪಲ್ಲವೇ?

ಉತ್ತರ: ನಿರ್ಬಂಧಗಳನ್ನು ತೆಗೆದದ್ದನ್ನೇ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಅವುಗಳಿಂದ ಉಡುಪು ಕಾರ್ಖಾನೆಯ ಕೆಲಸಗಾರರಿಗೆ ತಟ್ಟಿದ ಬಿಸಿ ಜನರಲ್‌ಗಳಿಗೆ ತಟ್ಟಿರಲಿಲ್ಲ. ಐರೋಪ್ಯ ಒಕ್ಕೂಟ 2013ರಲ್ಲಿ ಶಸ್ತ್ರಾಸ್ತ್ರ ನಿಷೇಧವನ್ನು ಉಳಿಸಿಕೊಂಡು ಉಳಿದವನ್ನು ತೆಗೆಯಿತು, ಅಮೆರಿಕ 2016ರಲ್ಲಿ ತೆಗೆಯಿತು. ಆಕ್ಷೇಪಿಸಬೇಕಾದದ್ದು, ಆ ನಂತರ ಎಲ್ಲರೂ ಯಶಸ್ಸಿನ ಕಥೆಯನ್ನು ಕಾಪಾಡಲು ಹೊರಟದ್ದನ್ನು. ವಿಶ್ವಸಂಸ್ಥೆಯೊಳಗೆ, ಸರ್ಕಾರದ ಜೊತೆ ಮೆಲ್ಲಗೆ ಮಾತಾಡುತ್ತ ಅಭಿವೃದ್ಧಿ ಕೆಲಸ ಮುಂದುವರಿಸಬೇಕು ಎನ್ನುವವರಿಗೂ, ಮಾನವ ಹಕ್ಕುಗಳ ಉಲ್ಲಂಘನೆಯನ್ನು ಬಹಿರಂಗವಾಗಿ ಖಂಡಿಸಬೇಕು ಎನ್ನುವವರಿಗೂ ಭಿನ್ನಾಭಿಪ್ರಾಯವಿತ್ತು. ಗ್ವಾಟೆಮಾಲಾದ ರಾಜತಾಂತ್ರಿಕ ಗರ್ಟ್ ರೊಸೆಂಥಾಲ್ 2019ರಲ್ಲಿ ಕೊಟ್ಟ ಆಂತರಿಕ ಪರಿಶೀಲನಾ ವರದಿ, ಸಂಸ್ಥೆಗೆ ಒಂದು ಸಮಾನ ಕಾರ್ಯತಂತ್ರವೇ ಇರಲಿಲ್ಲವೆಂದೂ ಇದು ವ್ಯವಸ್ಥೆಯ ವೈಫಲ್ಯವೆಂದೂ ಹೇಳಿತು. ಮೆಲುದನಿಗೂ ಒಂದು ಹಿನ್ನೆಲೆಯಿತ್ತು: 2008ರ ಮೇ 2ರ ನರ್ಗಿಸ್ ಚಂಡಮಾರುತದಲ್ಲಿ ಐರಾವತಿ ನದೀಮುಖದಲ್ಲಿ ಸುಮಾರು 1.38 ಲಕ್ಷ ಜನ ಸತ್ತಾಗ ಇಲ್ಲವೇ ಕಣ್ಮರೆಯಾದಾಗ, ಸೇನಾಡಳಿತ ವಿದೇಶಿ ನೆರವಿನವರಿಗೆ ವಾರಗಟ್ಟಲೆ ವೀಸಾ ಕೊಟ್ಟಿರಲಿಲ್ಲ. ದುರಂತದ ಎಂಟನೇ ದಿನ ಸಂವಿಧಾನದ ಜನಮತಗಣನೆಯನ್ನು ಮಾತ್ರ ನಡೆಸಿತ್ತು. ಬಾಗಿಲು ಮತ್ತೆ ಮುಚ್ಚೀತೆಂಬ ಭಯದಲ್ಲಿ ಕೆಲಸ ಮಾಡಿದವರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಆ ಭಯದ ಬೆಲೆ ತೆತ್ತವರು ಅವರಲ್ಲ.

ಪ್ರಶ್ನೆ: ಈಗಿನ ಸ್ಥಿತಿಯಲ್ಲಿ ನೆರವು ಹೇಗೆ ತಲುಪುತ್ತಿದೆ? ಸುಧಾರಣೆಯ ಕಾಲದ ಏನಾದರೂ ಉಳಿದಿದೆಯೇ?

ಉತ್ತರ: 2020ರ ನವೆಂಬರ್‌ನ ಚುನಾವಣೆಯಲ್ಲಿ ಸೂ ಕಿ ಅವರ ಪಕ್ಷ ಮತ್ತೆ ಗೆದ್ದಿತು, ಹೊಸ ಸಂಸತ್ತು ಸೇರಬೇಕಿದ್ದ 2021ರ ಫೆಬ್ರುವರಿ 1ರಂದೇ ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಲೈಂಗ್ ಅಧಿಕಾರ ಹಿಡಿದರು. ವಿಶ್ವಬ್ಯಾಂಕ್ ಅಂದಾಜಿನಂತೆ ಆ ವರ್ಷ ಆರ್ಥಿಕತೆ ಶೇ 18ರಷ್ಟು ಕುಸಿಯಿತು. ದೇಶದೊಳಗೇ ನೆಲೆ ಕಳೆದುಕೊಂಡವರ ಸಂಖ್ಯೆ 30 ಲಕ್ಷವನ್ನು ದಾಟಿದೆ. ಈ ಬಾರಿ ಅವರಲ್ಲಿ ಗಡಿಯ ಬುಡಕಟ್ಟುಗಳಷ್ಟೇ ಅಲ್ಲ, ಸಗಾಯಿಂಗ್, ಮಗ್ವೆಯಂಥ ಬಹುಸಂಖ್ಯಾತ ಬಮರ್ ಜನರ ಬಯಲುಸೀಮೆಯವರೂ ಇದ್ದಾರೆ. 2025ರ ಮಾರ್ಚ್ 28ರಂದು ಸಗಾಯಿಂಗ್ ಮತ್ತು ಮಂಡಲೆಯನ್ನು ನಡುಗಿಸಿದ 7.7 ತೀವ್ರತೆಯ ಭೂಕಂಪದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಘೋಷಿಸಿದ ತಾತ್ಕಾಲಿಕ ಕದನವಿರಾಮದ ನಡುವೆಯೂ ವೈಮಾನಿಕ ದಾಳಿಗಳು ನಡೆದವು.

ನೆರವಿನ ವಿಷಯದಲ್ಲಿ ಒಂದು ಬದಲಾವಣೆ ಗಮನಾರ್ಹ. ಯಾಂಗೊನ್‌ನಲ್ಲಿ ನೋಂದಾಯಿತವಾಗಿ ಅನುಮತಿಗೆ ಕಾಯುವ ಸಂಸ್ಥೆಗಳಿಗಿಂತ, ಥಾಯ್ಲೆಂಡ್ ಮತ್ತು ಭಾರತದ ಗಡಿಗಳ ಮೂಲಕ ಸ್ಥಳೀಯ ಗುಂಪುಗಳು ಸದ್ದಿಲ್ಲದೆ ಸಾಗಿಸುವ ಔಷಧ, ಅಕ್ಕಿ, ನಗದು ಹಣವೇ ಸಂಘರ್ಷದ ಪ್ರದೇಶಗಳಿಗೆ ಹೆಚ್ಚು ಭರವಸೆಯ ದಾರಿಯಾಗಿದೆ. ಈ ಜಾಲಗಳಲ್ಲಿ ಕೆಲಸ ಮಾಡುವವರಲ್ಲಿ ಅನೇಕರು, ಸೇನೆ ಅಧಿಕಾರ ಹಿಡಿದ ನಂತರ ಸರ್ಕಾರಿ ಕೆಲಸ ತೊರೆದ ವೈದ್ಯರು, ದಾದಿಯರು, ಶಿಕ್ಷಕರು. ದೊಡ್ಡ ದಾನಿ ದೇಶಗಳಿಗೆ ಈ ದಾರಿ ಇಂದಿಗೂ ಮುಜುಗರದ್ದೇ, ಏಕೆಂದರೆ ಇಲ್ಲಿ ರಸೀದಿ ಕೇಳುವುದೆಂದರೆ ಕೆಲವೊಮ್ಮೆ ಹಣ ಪಡೆದವರ ಹೆಸರನ್ನು ಸೇನೆಯ ಕೈಗೆ ಸಿಗುವಂತೆ ಬರೆದಿಡುವುದು. ಲೆಕ್ಕಪತ್ರದ ನಿಯಮಗಳನ್ನು ಇದಕ್ಕೆ ತಕ್ಕಂತೆ ಸಡಿಲಿಸಿದ ದಾನಿಗಳೂ ಇದ್ದಾರೆ, ಆದರೆ ಅವರ ಸಂಖ್ಯೆ ಕಡಿಮೆ.