15 ಮೀಟರ್ ಆಳ ತಡೆಯುವ ಕ್ಯಾಮೆರಾ, ಮೊಣಕಾಲುದ್ದ ನೀರಿಗೇ ಮಂಜಾಯ್ತು!

ಪ್ರಶ್ನೆ: ಸರ್, ನನ್ನ ಡಿಜಿಟಲ್ ಕ್ಯಾಮೆರಾ ಮೇಲೆ ‘15 ಮೀಟರ್ ವಾಟರ್‌ಪ್ರೂಫ್’ ಅಂತ ಇದೆ. ಬಲಮುರಿಯಲ್ಲಿ ಮೊಣಕಾಲುದ್ದ ನೀರಲ್ಲಿ ಮಕ್ಕಳ ಫೋಟೊ ತೆಗೆದೆ. ಮಧ್ಯೆ ದಡಕ್ಕೆ ಬಂದು ಮೆಮೊರಿ ಕಾರ್ಡ್ ಬದಲಿಸಿದ್ದೆ. ಈಗ ಲೆನ್ಸ್ ಒಳಗೆ ಮಂಜು ಬರುತ್ತೆ, ಹೋಗುತ್ತೆ. ಅಕ್ಕಿ ಡಬ್ಬದಲ್ಲಿ ಇಡಲಾ?
– ಓದುಗರು, ಮಂಡ್ಯ

ಉತ್ತರ: ಅಕ್ಕಿ ಬೇಡ. ಅದರ ಹಿಟ್ಟು, ಧೂಳು ಸಂದಿಗೆ ಸೇರಿದರೆ ಇನ್ನೊಂದು ತೊಂದರೆ. ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರ್ ಕೂಡ ಹಿಡಿಯಬೇಡಿ.

ಬಿಸಿಲಲ್ಲಿ ನಿಂತ ಕಾರಿನಿಂದ ತೆಗೆದು ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿಯ ತೇವ ಗಾಜಿಗೆ ಕೂರುತ್ತೆ. ಆ ಮಂಜು ತಾನಾಗೇ ಹೋಗುತ್ತೆ, ಭಯ ಇಲ್ಲ. ನಿಮ್ಮದು ಮತ್ತೆ ಮತ್ತೆ ಬರುತ್ತಿದೆ. ಅಂದರೆ ಒಳಗೆ ನೀರು ಸ್ವಲ್ಪ ಉಳಿದಿದೆ. ದಡದ ಮೇಲೆ ಕಾರ್ಡ್ ಬದಲಿಸಲು ಕ್ಯಾಮೆರಾದ ಬಾಗಿಲು ತೆರೆದಾಗಲೇ ಹೋಗಿರಬೇಕು ಅನಿಸುತ್ತೆ.

ಇಂಥ ಕ್ಯಾಮೆರಾದ ಜೀವ ಇರುವುದು ಬ್ಯಾಟರಿ ಬಾಗಿಲ ಸುತ್ತ ಇರುವ ತೆಳು ರಬ್ಬರ್ ವಾಷರ್‌ನಲ್ಲಿ. ಕುಕ್ಕರ್ ಗ್ಯಾಸ್ಕೆಟ್ ಇದ್ದ ಹಾಗೆ. 15 ಮೀಟರ್ ಅನ್ನೋದು ಆ ವಾಷರ್ ಶುಚಿಯಾಗಿದ್ದು, ಬಾಗಿಲು ಪೂರ್ತಿ ಲಾಕ್ ಆಗಿದ್ದರೆ ಮಾತ್ರ. ಒಮ್ಮೆ ತಲಕಾಡಿನಿಂದ ನೇರವಾಗಿ ಒಂದು ಕ್ಯಾಮೆರಾ ನನ್ನ ಮೇಜಿಗೆ ಬಂತು. ಭೂತಗನ್ನಡಿ ಹಿಡಿದು ನೋಡಿದೆ. ವಾಷರ್ ಮೇಲೆ ಒಂದೇ ಒಂದು ಮರಳ ಕಣ, ಸಾಸಿವೆಗಿಂತ ಸಣ್ಣದು. ಅದರ ಪಕ್ಕ ರಬ್ಬರ್ ಚೂರು ಎದ್ದಿತ್ತು. ಅಲ್ಲಿಂದ ಬ್ಯಾಟರಿವರೆಗೂ ನೀರು ಹರಿದ ಸಣ್ಣ ಗೆರೆ. ತಲೆಕೂದಲು ಒಂದೆಳೆ ಸಿಕ್ಕಿದರೂ ಇದೇ ಗತಿ. ತುಂಬಾ ಬೇಜಾರಾಯ್ತು. ಬಾಗಿಲು ಮುಚ್ಚುವ ಮೊದಲು ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿದ್ದರೆ ಆ ಕ್ಯಾಮೆರಾ ಉಳಿಯುತ್ತಿತ್ತು.

ಈಗ ನಿಮ್ಮದಕ್ಕೆ ಬರೋಣ. ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ. ಹೊರಗಡೆ ಚೆನ್ನಾಗಿ ಒರೆಸಿ, ಕೈ ಒಣಗಿಸಿಕೊಂಡು ಬ್ಯಾಟರಿ, ಕಾರ್ಡ್ ತೆಗೆಯಿರಿ. ಬಾಗಿಲು ತೆರೆದೇ ಇಟ್ಟು, ಗಾಳಿಯಾಡದ ಡಬ್ಬದಲ್ಲಿ ಹೊಸ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ದಿನ ಬಿಡಿ. ಹಳೇ ಶೂ ಡಬ್ಬದ ಪೊಟ್ಟಣ ಬೇಡ, ಅದು ಆಗಲೇ ತೇವ ಕುಡಿದಿರುತ್ತೆ. ಬ್ಯಾಟರಿ ಜಾಗದ ಲೋಹದ ಮೇಲೆ ಹಸಿರು ಅಥವಾ ಬಿಳಿ ಕಲೆ ಕಂಡರೆ, ಲೆನ್ಸ್ ಒಳಗೆ ನೀರಿನ ಹನಿಯೇ ಕಂಡರೆ, ತಡ ಮಾಡದೆ ಸರ್ವಿಸ್ ಸೆಂಟರ್‌ಗೆ ಕೊಡಿ.

ಮುಂದಿನ ಸಲ ಹೊಳೆಗೆ ಹೋಗುವಾಗ ಕಾರ್ಡ್, ಬ್ಯಾಟರಿ ಎಲ್ಲ ಮನೆಯಲ್ಲೇ ಹಾಕಿ ಬಾಗಿಲು ಮುಚ್ಚಿಬಿಡಿ. ದಡದಲ್ಲಿ ತೆರೆಯಲೇಬೇಡಿ. ಬಂದ ಮೇಲೆ ಬಕೆಟ್‌ನಲ್ಲಿ ನಲ್ಲಿ ನೀರು ತುಂಬಿ, ಬಾಗಿಲು ಮುಚ್ಚಿದ ಹಾಗೇ 10 ನಿಮಿಷ ಮುಳುಗಿಸಿಡಿ, ಗುಂಡಿ ಸಂದಿಯ ಮರಳು ಬಿಟ್ಟುಕೊಳ್ಳುತ್ತೆ. ಸಮುದ್ರಕ್ಕೆ ಹೋಗಿದ್ದರಂತೂ ಇದನ್ನು ಬಿಡಲೇಬಾರದು, ಉಪ್ಪು ಒಣಗಿ ಹರಳಾಗಿ ಸಂದಿಯಲ್ಲಿ ಕೂರುತ್ತೆ, ಲೋಹವನ್ನೂ ತಿನ್ನುತ್ತೆ. ಪೈಪಿನ ಜೋರು ನೀರು, ಸೋಪು ಬೇಡ. ಕೆಳಗೆ ಬಿದ್ದ ಕ್ಯಾಮೆರಾವನ್ನು ಪರೀಕ್ಷೆ ಮಾಡಿಸದೆ ಮತ್ತೆ ನೀರಿಗೆ ಇಳಿಸಬೇಡಿ, ಬಾಗಿಲು ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು. ವಾಷರ್ ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಒಲಿಂಪಸ್ ಕಂಪನಿ ತನ್ನ ‘ಟಫ್’ ಅನ್ನೋ ವಾಟರ್‌ಪ್ರೂಫ್ ಕ್ಯಾಮೆರಾಗಳ ಕೈಪಿಡಿಯಲ್ಲೇ ಹೇಳಿದೆ.

ಇನ್ನೊಂದು ಮಾತು. ಇಂಥ ಬಹುತೇಕ ಕ್ಯಾಮೆರಾಗಳು ನೀರಲ್ಲಿ ಮುಳುಗುತ್ತವೆ. ತೇಲುವ ಪಟ್ಟಿ ಕೊಂಡು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಆದರೂ ಜಾರಿಹೋದರೆ ಹೋಗಲಿ ಬಿಡಿ. ಅದರ ಹಿಂದೆ ಕಾವೇರಿಯ ಸೆಳವಿಗೆ ದಯವಿಟ್ಟು ಇಳಿಯಬೇಡಿ.